ನಮ್ಮ ಎಸ್ಟೇಟ್ ಬಂಗಲೆ: ಬಂದವರೆಲ್ಲ ಕೇಳುವ ಪ್ರಶ್ನೆಗಳು

ಕೊಪ್ಪದ ಕಡೆಯ ಒಂದು ಹಳೇ ಕಾಫಿ ತೋಟದ ಬಂಗಲೆ ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮಜ್ಜ ಇದೇ ತೋಟದಲ್ಲಿ ರೈಟರಾಗಿದ್ದರು. ರೈಟರ್ ಅಂದರೆ ತೋಟದ ಹಾಜರಿ, ಲೆಕ್ಕ ಬರೆಯುವವರು, ಕಥೆ ಕಾದಂಬರಿ ಬರೆಯುವವರಲ್ಲ. ಧಣಿಗಳು ಬೆಂಗಳೂರಿನಲ್ಲಿದ್ದಾರೆ. ಶನಿವಾರ ಭಾನುವಾರ ಬರುವ ಅತಿಥಿಗಳು ಕಾಫಿ ಲೋಟ ಹಿಡಿದುಕೊಂಡು ಜಗಲಿಯಲ್ಲಿ ಕೂತು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಹೇಳಿ ಹೇಳಿ ಬಾಯಿ ನೋವು ಬಂತು, ಅದಕ್ಕೇ ಬರೆದಿಟ್ಟಿದ್ದೇನೆ.

ಈ ಬಂಗಲೆ ಯಾವ ಇಸವಿಯದ್ದು?

ಎಲ್ಲರಿಗೂ ಒಂದು ಇಸವಿ ಬೇಕು. ಆದರೆ ಇಂಥ ಮನೆಗೆ ಒಂದೇ ಹುಟ್ಟುಹಬ್ಬ ಇರುವುದಿಲ್ಲ. ಕಾಫಿಗೆ ರೇಟು ಬಂದ ವರ್ಷ ಒಂದು ಕೋಣೆ, ಮತ್ತೆ ಹತ್ತು ವರ್ಷ ಏನೂ ಇಲ್ಲ, ಆಮೇಲೆ ಇನ್ನೊಬ್ಬ ದೊರೆ (ತೋಟದ ಬಿಳಿ ಯಜಮಾನರನ್ನು ಇಲ್ಲಿ ಹಾಗೇ ಕರೆಯುವುದು) ಬಂದು ಒಂದು ಪೋರ್ಟಿಕೋ. ಹೀಗೇ ಬೆಳೆದಿದ್ದು.

ನಂಬಿಕೆ ಬರದಿದ್ದರೆ ಊಟದ ಕೋಣೆಗೆ ಬನ್ನಿ. ಅಲ್ಲಿನ ಒಂದು ಕಿಟಕಿ ತೆಗೆದರೆ ತೋಟ ಕಾಣುವುದಿಲ್ಲ, ಪಕ್ಕದ ಮಲಗುವ ಕೋಣೆ ಕಾಣುತ್ತದೆ. ಎಷ್ಟೋ ಜನ ಇದೇನು ತಮಾಷೆ ಅಂತ ನಗುತ್ತಾರೆ. ಆ ಮಲಗುವ ಕೋಣೆಗೆ ಹೋಗಿ ಅದೇ ಕಿಟಕಿಯ ಕೆಳಗಿನ ಕಲ್ಲಿನ ಮೇಲೆ ಕೈ ಆಡಿಸಿ ನೋಡಿ. ಕೋಣೆಯ ಕಡೆಗೆ ಇಳಿಜಾರಾಗಿದೆ. ಮಳೆ ನೀರು ಜಾರಿ ಹೋಗಲಿ ಅಂತ ಮಾಡಿದ ಇಳಿಜಾರು ಅದು. ಅಂದರೆ ಒಂದು ಕಾಲಕ್ಕೆ ಅದು ಹೊರಗೋಡೆ, ಈಗ ನೀವು ಮಲಗುವ ಜಾಗದಲ್ಲಿ ಆಗ ಮಳೆ ಸುರಿಯುತ್ತಿತ್ತು. ಆ ಕಿಟಕಿ ಮುಚ್ಚಿಸಬೇಕು ಅಂತ ಯಾರಿಗೂ ಅನಿಸಲಿಲ್ಲ ನೋಡಿ, ಅದೇ ನನಗೆ ಖುಷಿ.

ನೆಲವೂ ಹೇಳುತ್ತದೆ. ಕೆಂಪಗೆ ಹೊಳೆಯುವ ರೆಡ್ ಆಕ್ಸೈಡ್ ನೆಲ ಮಾಡೋಕೆ ಸಿಮೆಂಟ್ ಬೇಕು. ಹಾಗಾಗಿ ಅದು ಸಿಮೆಂಟ್ ಈ ಘಟ್ಟ ಹತ್ತಿದ ಮೇಲಿನ ಕೆಲಸ, ಗೋಡೆಗಿಂತ ಎಷ್ಟೋ ಈಚಿನದು.

ಬಿದ್ದ ಹೆಂಚಿನ ಮೇಲೆ 1865 ಅಂತ ಇದೆಯಲ್ಲ, ಅದೇ ಇಸವಿ ಅಲ್ವಾ?

ಅಲ್ಲ. ಇದರಲ್ಲಿ ಎಲ್ಲರೂ ಮೋಸ ಹೋಗುತ್ತಾರೆ, ನಾನೂ ಹೋಗಿದ್ದೆ. 1865 ಅಂದರೆ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಪ್ಲೆಬ್ಸ್ಟ್ ಅನ್ನುವ ಜರ್ಮನ್ ಮಿಷನರಿ ನೇತ್ರಾವತಿ ದಂಡೆಯ ಜೇಡಿಮಣ್ಣು ನೋಡಿ ಶುರು ಮಾಡಿದ್ದು. ಅಂಗಡಿ ಬೋರ್ಡಿನ ಮೇಲೆ ‘ಸ್ಥಾಪನೆ’ ಅಂತ ಇಸವಿ ಹಾಕಿಸುವುದಿಲ್ಲವೇ, ಹಾಗೆ ಅಚ್ಚಿನಲ್ಲೇ ಆ ವರ್ಷ ಕೂರಿಸಿದ್ದರು. ಹತ್ತಾರು ವರ್ಷ ಆದ ಮೇಲೆ ಸುಟ್ಟ ಹೆಂಚಿನ ಮೇಲೂ ಅದೇ ಇಸವಿ.

ಆದರೂ ಹೆಂಚು ಪೂರ್ತಿ ದಡ್ಡ ಸಾಕ್ಷಿ ಅಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ನಂಟಿದೆ ಅಂತ ಇಂಗ್ಲಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡರು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಹೆಂಚಿನ ಬೆನ್ನ ಮೇಲೆ ಬಾಸೆಲ್ ಮಿಷನ್ ಅಂತಿದ್ದರೆ ಯುದ್ಧಕ್ಕೆ ಮುಂಚಿನದು, ಕಾಮನ್‌ವೆಲ್ತ್ ಅಂತಿದ್ದರೆ ಆಮೇಲಿನದು. ನಮ್ಮ ಮಾಡಿನ (ಚಾವಣಿಯ) ಮೇಲೆ ಎರಡೂ ಇವೆ, ಜೊತೆಗೆ ಬೇರೆ ಮೂರು ಕಾರ್ಖಾನೆಯವೂ ಇವೆ. ಮರದ ಕೊಂಬೆ ಬಿದ್ದಾಗೆಲ್ಲ ಸಿಕ್ಕಿದ್ದನ್ನು ಹೊದಿಸಿದ್ದಾರೆ.

ಬ್ರಿಟಿಷರ ಕಾಲದ್ದು ತಾನೇ?

ಹೌದು, ಅಲ್ಲ. ಮೈಸೂರು ಸೀಮೆಯಲ್ಲಿ ಈ ಮಾತು ಹೇಳುವಾಗ ಸ್ವಲ್ಪ ಹುಷಾರಾಗಿರಬೇಕು. ನಗರ ಸೀಮೆಯ, ಅಂದರೆ ಹಳೇ ಬಿದನೂರು ಕಡೆಯ, ರೈತರು ದಂಗೆ ಎದ್ದ ಮೇಲೆ 1831ರಲ್ಲಿ ಇಂಗ್ಲಿಷರು ಮಹಾರಾಜರ ಕೈಯಿಂದ ಆಡಳಿತ ತೆಗೆದುಕೊಂಡರು. ಐವತ್ತು ವರ್ಷ ಕಮಿಷನರ್‌ಗಳು ಆಳಿದರು. 1881ರಲ್ಲಿ ರಾಜ್ಯ ವಾಪಸು ಒಡೆಯರಿಗೆ ಬಂತು. ಅದಾದ ಮೇಲೆ ಕಟ್ಟಿದ ಬಂಗಲೆಗಳು ಮಹಾರಾಜರ ರಾಜ್ಯದಲ್ಲಿ ಕಟ್ಟಿದವು, ಅದರೊಳಗಿದ್ದ ದೊರೆ ಕಂದಾಯ ಕಟ್ಟುತ್ತಿದ್ದದ್ದೂ ಮೈಸೂರು ಸರ್ಕಾರಕ್ಕೇ. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯ, ಅದು ನೇರ ಬ್ರಿಟಿಷರದ್ದು. ಒಂದೇ ಘಾಟಿಯ ಕೆಳಗೆ ಒಂದು ರಾಜ್ಯ, ಮೇಲೆ ಇನ್ನೊಂದು.

ಇನ್ನೊಂದು ಮಾತು. ಬಂಗಲೆ ಕಂಡ ಕೂಡಲೇ ಬಿಳಿಯರದ್ದು ಅಂದುಕೊಳ್ಳಬೇಡಿ. ಕಾಫಿಯಲ್ಲಿ ದುಡ್ಡು ಕಂಡ ನಮ್ಮೂರಿನ ಗೌಡರೂ, ಮಂಗಳೂರು ಕಡೆಯಿಂದ ಬಂದ ಕ್ರಿಶ್ಚಿಯನ್ ಪ್ಲಾಂಟರುಗಳೂ ಇದೇ ಅಚ್ಚಿನಲ್ಲಿ ಕಟ್ಟಿಸಿದ್ದಾರೆ. ವ್ಯತ್ಯಾಸ ಒಳಗಿರುತ್ತದೆ: ಗೌಡರ ಮನೆಯಾದರೆ ಮುಂದೆ ಪೋರ್ಟಿಕೋ, ಹಿಂದೆ ತುಳಸಿಕಟ್ಟೆ, ನಡುವೆ ದೇವರ ಕೋಣೆ.

ದೊರೆಗಳು ಈ ಕಾಡಿಗೆ ಯಾಕೆ ಬಂದರು?

ಕಾಫಿಗೆ, ಇನ್ನೇನು. ಬಾಬಾಬುಡನ್ ಯೆಮೆನ್‌ನಿಂದ ಏಳು ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಹಾಕಿದ ಕಥೆ ನಿಮಗೆ ಗೊತ್ತೇ ಇದೆ. ಅಲ್ಲಿಂದ ಬಹಳ ಕಾಲ ಕಾಫಿ ಹಿತ್ತಲ ಗಿಡವಾಗಿತ್ತು, ಮನೆ ಹಿಂದೆ ನಾಲ್ಕು ಗಿಡ ಅಷ್ಟೇ. 1840ರ ಸುಮಾರಿಗೆ ಕ್ಯಾನನ್ ಅನ್ನುವವನು ಬಾಬಾಬುಡನ್‌ಗಿರಿಯ ದಕ್ಷಿಣದ ಸಾಲಿನಲ್ಲಿ ದೊಡ್ಡ ತೋಟ ಹಾಕಿದ. 1843ರಲ್ಲಿ ಗ್ರೀನ್ ಅನ್ನುವವನು ಮಂಜರಾಬಾದಿನಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ಶುರು ಮಾಡಿದ. ಇವರೆಲ್ಲ ಬಂದ ಕೂಡಲೇ ಬಂಗಲೆ ಕಟ್ಟಲಿಲ್ಲ. ಮೊದಲು ಹುಲ್ಲಿನ ಗುಡಿಸಲು. ಗಿಡ ಹಾಕಿ ಮೂರು ನಾಲ್ಕು ವರ್ಷ ಫಸಲೇ ಬರುವುದಿಲ್ಲ, ಬಂಗಲೆಗೆ ದುಡ್ಡೆಲ್ಲಿ?

ದುಡ್ಡು ಬಂದ ಮೇಲೂ ಪೆಟ್ಟು ತಪ್ಪಲಿಲ್ಲ. 1860ರ ದಶಕದಲ್ಲಿ ಕಾಂಡಕೊರಕ ಹುಳ ತೋಟಗಳನ್ನೇ ತಿಂದು ಹಾಕಿತು. ಬಿಸಿಲು ಬೀಳುವ ಕಾಂಡ ಆ ಹುಳಕ್ಕೆ ಇಷ್ಟ. ಕಾಡು ಪೂರ್ತಿ ಕಡಿದು ಬೋಳು ಮಾಡಿ ಗಿಡ ಹಾಕಿದವರು ಮೊದಲು ಮುಳುಗಿದರು. ನೆರಳು ಬೇಕು ಅನ್ನುವ ಬುದ್ಧಿ ಹಾಗೆ ಬಂತು. ಈಗ ಬಂಗಲೆ ಸುತ್ತ ಕಾಣುವ ಸಿಲ್ವರ್ ಓಕ್ ಆಸ್ಟ್ರೇಲಿಯಾದ ಮರ, ನೆರಳಿಗೆ ಅಂತ ತಂದಿದ್ದು. 1869ರಲ್ಲಿ ಸಿಲೋನಿನಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು ಅಲ್ಲಿಯವರು ಕಾಫಿ ಬಿಟ್ಟು ಚಹಾಕ್ಕೆ ಹೋದರು. ನಮ್ಮಲ್ಲೂ ರೋಗ ಬಂತು, ಆದರೆ ನೆರಳಿನ ಕೆಳಗೆ ತೋಟ ಉಳಿಯಿತು. 1890ರ ದಶಕದ ಕೊನೆಗೆ ಬ್ರೆಜಿಲ್ ಕಾಫಿ ಮಾರುಕಟ್ಟೆಗೆ ನುಗ್ಗಿ ರೇಟು ಬಿತ್ತು. ಈ ಏರಿಳಿತ ಎಲ್ಲ ಮನೆಯ ಗೋಡೆಯಲ್ಲಿದೆ, ಆ ಊಟದ ಕೋಣೆಯ ಕಿಟಕಿ ನೆನಪಿರಲಿ.

ನಮ್ಮ ತೊಟ್ಟಿ ಮನೆಗೂ ಇದಕ್ಕೂ ಏನು ವ್ಯತ್ಯಾಸ?

ಇದು ಒಳ್ಳೇ ಪ್ರಶ್ನೆ, ಸ್ವಲ್ಪ ಉದ್ದ ಹೇಳುತ್ತೇನೆ. ನೀವು ಕುಪ್ಪಳಿಯ ಕವಿಮನೆ ನೋಡಿದ್ದೀರಿ ಅಂದುಕೊಳ್ಳೋಣ, ನೋಡಿಲ್ಲದಿದ್ದರೆ ಹೋಗುವಾಗ ನೋಡಿಕೊಂಡು ಹೋಗಿ, ಕೊಪ್ಪ ತೀರ್ಥಹಳ್ಳಿ ದಾರಿಯ ಪಕ್ಕದಲ್ಲೇ ಇದೆ. ಆ ಮನೆಯ ಮುಖ ಒಳಗಡೆಗೆ. ನಡುವೆ ಅಂಗಳ, ಸುತ್ತ ಜಗಲಿ, ಕೆತ್ತನೆಯ ಕಂಬ, ಮೇಲೆ ಉಪ್ಪರಿಗೆ. ಗಾಳಿ, ಬೆಳಕು, ಬೈಗುಳ, ಮಕ್ಕಳ ಗಲಾಟೆ ಎಲ್ಲ ನಡು ಅಂಗಳದಲ್ಲೇ. ಮಳೆಯೂ ಅಲ್ಲೇ ಬೀಳುತ್ತದೆ, ಮನೆಯ ಹೊಟ್ಟೆಯೊಳಗೆ. ಅಂಗಳ ತುಂಬಿ ಮೋರಿಯಲ್ಲಿ ಹೋಗುವ ನೀರನ್ನು ಹೆಂಗಸರು ಜಗಲಿಯಲ್ಲಿ ಕೂತೇ ನೋಡುತ್ತಿದ್ದರು.

ಬಂಗಲೆ ಇದರ ಉಲ್ಟಾ. ನಡುವೆ ಹಾಲು, ಎರಡೂ ಕಡೆ ಕೋಣೆ, ಸುತ್ತ ವರಾಂಡ. ಕಣ್ಣೆಲ್ಲ ಹೊರಗಡೆಗೆ: ತೋಟ, ಕಾಫಿ ಕಣ, ಗೇಟು, ಯಾರು ಬಂದರು, ಯಾರು ಹೋದರು. ಮಳೆಯನ್ನು ನಾಲ್ಕೂ ಕಡೆ ಹೊರಗೆ ತಳ್ಳುತ್ತದೆ. ನೂರು ಜನ ಕೆಲಸ ಮಾಡುವ ಕಡೆ ಒಬ್ಬ ಮನುಷ್ಯ ಕೂತು ಕಣ್ಣಿಡುವ ಮನೆ ಇದು. ಕೂಡು ಕುಟುಂಬಕ್ಕೆ ಅಂತ ಕಟ್ಟಿದ್ದಲ್ಲ, ಅಜ್ಜಿಗೆ ಕೂರೋಕೆ ಒಂದು ಜಾಗ ಈ ಮನೆಯಲ್ಲಿ ಇಲ್ಲವೇ ಇಲ್ಲ.

ಬಂಗಲೆ ಅನ್ನುವ ಮಾತೇ ಬಂಗಾಳದ್ದು. ಅಲ್ಲಿನ ಹಳ್ಳಿಗಳ ‘ಬಾಂಗ್ಲಾ’ ಮನೆ, ಅಂದರೆ ಒಂದೇ ಅಂತಸ್ತು, ಸುತ್ತ ಇಳಿಬಿದ್ದ ಹುಲ್ಲಿನ ಮಾಡು, ಅದನ್ನು ನೋಡಿ ಈಸ್ಟ್ ಇಂಡಿಯಾ ಕಂಪನಿಯವರು ಕಲಿತದ್ದು. ಹಾಗಾಗಿ ಇಂಗ್ಲೆಂಡಿನಿಂದ ಬಂದ ಮನೆ ಅನ್ನುವುದೂ ಪೂರ್ತಿ ಸರಿಯಲ್ಲ. ಆಕಾರ ಬಂಗಾಳದ್ದು, ಹೆಂಚು ಮಂಗಳೂರಿನದು, ಕಲ್ಲು ಇಲ್ಲಿನದು, ಮರ ಇಲ್ಲಿನದು, ಕೈಯೂ ಇಲ್ಲಿನದು. ಇಂಗ್ಲಿಷರದ್ದು ಅಂದರೆ ಅಗ್ಗಿಷ್ಟಿಕೆ, ಕಿಟಕಿ ಗಾಜು, ಬಾಗಿಲ ಹಿಡಿಕೆ, ಆಮೇಲೆ ಆ ಹೊರಗಿನ ಗುಲಾಬಿ ಪಾತಿ.

ಗೋಡೆ ಯಾಕೆ ಇಷ್ಟು ದಪ್ಪ? ಇದು ಯಾವ ಕಲ್ಲು?

ಜಂಬಿಟ್ಟಿಗೆ. ನೆಲದೊಳಗೆ ಇರುವಾಗ ಮೆತ್ತಗಿರುತ್ತದೆ, ಹಾರೆ ಕೊಡಲಿಯಲ್ಲೇ ಕಡಿದು ಚೌಕ ಮಾಡಿ ತೆಗೆಯಬಹುದು. ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಇಂಗ್ಲಿಷರ ಕಡೆಯಿಂದ 1800ರಲ್ಲಿ ಈ ಸೀಮೆ ಸುತ್ತೋಕೆ ಹೊರಟ ಬುಕನನ್ ಮಲಬಾರಿನಲ್ಲಿ ಈ ಕಲ್ಲು ನೋಡಿ ಲ್ಯಾಟರೈಟ್ ಅಂತ ಹೆಸರಿಟ್ಟ. ಲ್ಯಾಟಿನ್‌ನಲ್ಲಿ ‘ಲೇಟರ್’ ಅಂದರೆ ಇಟ್ಟಿಗೆ. ನಮ್ಮವರ ಜಂಬಿಟ್ಟಿಗೆಯ ಬಾಲದಲ್ಲೂ ಇಟ್ಟಿಗೆಯೇ ಇದೆ ನೋಡಿ. ಅವನೂ ನಮ್ಮವರೂ ಒಂದೇ ಕಲ್ಲು ನೋಡಿ ಒಂದೇ ಯೋಚನೆ ಮಾಡಿದ್ದಾರೆ.

ಈ ಕಲ್ಲಿನ ತುಂಬ ತೂತು, ನೀರು ಕುಡಿಯುತ್ತದೆ. ತೆಳ್ಳಗೆ ಕಟ್ಟಿದರೆ ಮಳೆಗಾಲದಲ್ಲಿ ತೇವ ಒಳಗೇ ಬಂದುಬಿಡುತ್ತದೆ. ಅದಕ್ಕೇ ಎರಡಡಿ ದಪ್ಪ, ಮೇಲೆ ಸುಣ್ಣದ ಗಾರೆ. ಮೊಬೈಲ್ ಸಿಗ್ನಲ್ ಒಳಗೆ ಬಾರದಿರುವುದಕ್ಕೂ ಇದೇ ಗೋಡೆ ಕಾರಣ, ನನ್ನನ್ನು ಬೈಯಬೇಡಿ.

ಮಾಡು ಯಾಕೆ ಇಷ್ಟು ಎತ್ತರ, ಇಷ್ಟು ಕಡಿದು?

ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ. ಇಲ್ಲಿ ಅಷ್ಟಿಲ್ಲ, ಆದರೆ ಆರಿದ್ರಾ ಹಿಡಿದರೆ ಪುಷ್ಯ ಮುಗಿಯುವ ತನಕ ಬಿಸಿಲಿನ ಮುಖ ಕಾಣದ ವರ್ಷಗಳಿವೆ. ನೀರು ಹೆಂಚಿನ ಮೇಲೆ ನಿಲ್ಲಬಾರದು, ಓಡಬೇಕು. ಸೂರು ಗೋಡೆಯಿಂದ ದೂರಕ್ಕೆ ಚಾಚಿರುವುದೂ ಅದಕ್ಕೇ. ನನ್ನನ್ನು ಕೇಳಿದರೆ ಬಂಗಲೆ ಅಂದರೆ ಮಾಡೇ. ಗೋಡೆ, ಕೋಣೆ, ಪೀಠೋಪಕರಣ ಎಲ್ಲ ಅದರ ಕೆಳಗೆ ಆಮೇಲೆ ಬಂದು ಸೇರಿಕೊಂಡದ್ದು.

ಒಂದು ಲೆಕ್ಕ ಹಾಕೋಣ. ಮಂಗಳೂರು ಹೆಂಚು ನೂರು ಚದರಡಿಗೆ ಸುಮಾರು 150 ಬೇಕು. ಮೂರು ಸಾವಿರ ಚದರಡಿ ಮಾಡಿಗೆ 4,500. ಒಂದೊಂದು ಎರಡು ಕೆಜಿಗೂ ಮೇಲೆ ತೂಗುತ್ತದೆ, ಒಟ್ಟು ಹತ್ತು ಟನ್ ಹತ್ತಿರ. ಎತ್ತಿನ ಗಾಡಿಗೆ ಅರ್ಧ ಟನ್ ಅಂತ ಹಿಡಿದರೂ ಇಪ್ಪತ್ತು ಗಾಡಿ ಘಾಟಿ ಹತ್ತಬೇಕು, ಅದೂ ಮಳೆ ಶುರುವಾಗುವ ಮುಂಚೆ. ಹಾಸನ ಮಂಗಳೂರು ರೈಲು ಬಂದದ್ದು 1979ರಲ್ಲಿ, ಹಾಗಾಗಿ ಅದರ ಮಾತೇ ಬೇಡ. ಕಾಫಿ ಹೇರಿಕೊಂಡು ಮಂಗಳೂರಿಗೆ ಇಳಿದ ಗಾಡಿಗಳು ಬರುವಾಗ ಹೆಂಚು, ಉಪ್ಪು ತರುತ್ತಿದ್ದವು ಅಂತ ಅಜ್ಜ ಹೇಳುತ್ತಿದ್ದರು. ಖಾಲಿ ಬಂದರೆ ಗಾಡಿಯವನಿಗೆ ನಷ್ಟ ಅಲ್ವಾ.

ಒಳಗಿನಿಂದ ತಲೆ ಎತ್ತಿದರೆ ಹೆಂಚು ಕಾಣುವುದಿಲ್ಲ, ಹಲಗೆಯ ಮುಚ್ಚಿಗೆ ಕಾಣುತ್ತದೆ. ಹೆಂಚಿಗೂ ಮುಚ್ಚಿಗೆಗೂ ನಡುವೆ ಆಳೆತ್ತರದ ಜಾಗವಿದೆ. ಬೇಸಿಗೆಯ ಬಿಸಿಯೆಲ್ಲ ಅಲ್ಲೇ ನಿಂತುಬಿಡುತ್ತದೆ. ಮಧ್ಯಾಹ್ನ ಫ್ಯಾನಿಲ್ಲದೆ ನಿದ್ದೆ ಬರುವುದು ಅದರಿಂದ.

ಅಡುಗೆಮನೆ ಯಾಕೆ ಅಷ್ಟು ದೂರ? ಬಚ್ಚಲಿಗೆ ಯಾಕೆ ಎರಡು ಬಾಗಿಲು?

ಅಡುಗೆಮನೆ ದೂರ ಇರುವುದು ಬೆಂಕಿಗೆ, ಹೊಗೆಗೆ, ವಾಸನೆಗೆ ಹೆದರಿ. ನಡುವೆ ಮಾಡು ಹೊದಿಸಿದ ಓಣಿ ಇದೆ. ಬಟ್ಲರ್ ಆ ಓಣಿಯಲ್ಲಿ ಸಾರು ತರುವಷ್ಟರಲ್ಲಿ ಆರಿಹೋಗುತ್ತಿತ್ತು.

ಬಚ್ಚಲಿನ ಎರಡನೇ ಬಾಗಿಲು ಹೊರಗಿನಿಂದ. ಬಿಸಿನೀರು ಹೊತ್ತು ತರುವವರು, ಕಕ್ಕಸಿನ ಡಬ್ಬಿ ಎತ್ತುವವರು ಮನೆಯೊಳಗೆ ಕಾಲಿಡದೆ ಹಾಗೇ ಬಂದು ಹಾಗೇ ಹೋಗಲಿ ಅಂತ. ಇದು ದೊರೆಗಳ ಬುದ್ಧಿ ಅಂತ ಬೈದು ಸುಮ್ಮನಾಗುವ ಹಾಗಿಲ್ಲ. ನಮ್ಮ ದೊಡ್ಡ ಮನೆಗಳಲ್ಲೂ ಯಾರು ಯಾವ ಮೆಟ್ಟಿಲ ತನಕ ಬರಬಹುದು ಅನ್ನುವುದು ಮನೆ ಕಟ್ಟುವಾಗಲೇ ತೀರ್ಮಾನ ಆಗಿರುತ್ತಿತ್ತು. ಎರಡು ಬುದ್ಧಿಗೂ ಚೆನ್ನಾಗಿ ಹೊಂದಾಣಿಕೆ ಆಯಿತು.

ಕೆಲಸದವರು ಎಲ್ಲಿರುತ್ತಿದ್ದರು?

ಇದನ್ನು ಕೇಳುವವರು ಕಡಿಮೆ, ನಾನೇ ಸೇರಿಸಿದ್ದೇನೆ. ಬಂಗಲೆಯ ಜಗಲಿಯಿಂದ ಕಾಣದ ಹಾಗೆ, ಗುಡ್ಡದ ಆಚೆ ಇಳಿಜಾರಿನಲ್ಲಿ ಲೈನ್ ಮನೆಗಳಿವೆ. ಒಂದೇ ಮಾಡಿನ ಕೆಳಗೆ ಸಾಲಾಗಿ ಒಂದೊಂದು ಕೋಣೆ, ಒಂದು ಕೋಣೆಗೆ ಒಂದು ಸಂಸಾರ. ಘಟ್ಟದ ಕೆಳಗಿನ ತುಳುವರು, ತಮಿಳು ಸೀಮೆಯವರು, ಬಯಲುಸೀಮೆಯವರು. ಮೇಸ್ತ್ರಿ ಮುಂಗಡ ಕೊಟ್ಟು ಕರೆತರುತ್ತಿದ್ದ. ಆ ಮುಂಗಡ ತೀರದೆ ಬಿಟ್ಟು ಹೋದರೆ ಬರೀ ಸಾಲದ ತಗಾದೆ ಅಲ್ಲ, 1859ರ ಕರಾರು ಮುರಿದವರ ಕಾಯ್ದೆ ಪ್ರಕಾರ ಜೈಲು. ಬ್ರಿಟಿಷ್ ಇಂಡಿಯಾದಲ್ಲಿ ಆ ಕಾಯ್ದೆ ರದ್ದು ಮಾಡುವ ಕಾನೂನು ಬಂದದ್ದು 1925ರಲ್ಲಿ. ತೋಟದ ಕೆಲಸಗಾರರಿಗೆ ಮನೆ, ನೀರು, ಔಷಧಿ ಕೊಡಲೇಬೇಕು ಅಂತ ಕಾನೂನು ಬಂದದ್ದು 1951ರಲ್ಲಿ.

ಈ ಬಂಗಲೆಯ ಬೀಟೆ ಬಾಗಿಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಆ ಬಾಗಿಲು ಕೆತ್ತಿದ ಆಚಾರಿ, ಹಲಗೆ ಕುಯ್ದವರು, ಕಲ್ಲು ಹೊತ್ತವರು, ಯಾರೂ ಒಂದು ರಾತ್ರಿ ಇದರೊಳಗೆ ಮಲಗಿದವರಲ್ಲ. ನಮ್ಮಜ್ಜನೂ ಮೂವತ್ತು ವರ್ಷ ಕೆಲಸ ಮಾಡಿ ಹಾಜರಿ ಪುಸ್ತಕ ತೋರಿಸೋಕೆ ಆ ವರಾಂಡದ ಮೆಟ್ಟಿಲ ತನಕ ಬಂದವರೇ.

ಮಲೆನಾಡಿನಲ್ಲಿ ಅಗ್ಗಿಷ್ಟಿಕೆ ಬೇಕಿತ್ತಾ?

ಚಳಿಗೆ ಅಷ್ಟೇನೂ ಬೇಡ. ಬೇಕಾಗಿದ್ದದ್ದು ಮಳೆಗಾಲಕ್ಕೆ. ಜುಲೈನಲ್ಲಿ ಬಟ್ಟೆ ಒಣಗುವುದಿಲ್ಲ, ಬೂಟಿಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು. ನಮ್ಮವರು ಅದೇ ಕೆಲಸವನ್ನು ಬಚ್ಚಲ ಒಲೆ ಮೇಲೆ ಮಾಡಿಕೊಂಡಿದ್ದರು, ಹಂಡೆ ನೀರೂ ಕಾಯುತ್ತದೆ, ಮೇಲೆ ಅಟ್ಟದಲ್ಲಿ ಕಂಬಳಿಯೂ ಒಣಗುತ್ತದೆ. ಆ ಲೆಕ್ಕದಲ್ಲಿ ನಮ್ಮದೇ ಜಾಣತನ.

ಗುಡ್ಡದ ನೆತ್ತಿ ಮೇಲೆ ಯಾಕೆ ಕಟ್ಟಿದರು? ನೋಟಕ್ಕಾ?

ನೋಟ ಆಮೇಲೆ. ಮೊದಲು ಜ್ವರದ ಭಯ. ಮಲೇರಿಯಾ ತಗ್ಗಿನ ಕೆಟ್ಟ ಗಾಳಿಯಿಂದ ಬರುತ್ತದೆ ಅಂತ ಆಗಿನ ನಂಬಿಕೆ. ಸೊಳ್ಳೆಯಿಂದ ಅಂತ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಕಂಡುಹಿಡಿದದ್ದು 1897ರಲ್ಲಿ. ಕಾರಣ ತಪ್ಪು, ಉಪಾಯ ಸರಿ: ಗಾಳಿ ಬೀಸುವ ಎತ್ತರದಲ್ಲಿ ಸೊಳ್ಳೆಯೂ ಕಡಿಮೆ. ಹಳ್ಳದ ಬದಿಯ ಲೈನ್ ಮನೆಯವರಿಗೆ ಮಾತ್ರ ಆ ಅದೃಷ್ಟ ಇರಲಿಲ್ಲ.

ಶಿವಮೊಗ್ಗ ಜಿಲ್ಲೆಯಲ್ಲಿ ಇಂಥ ಬಂಗಲೆ ಯಾಕೆ ಕಡಿಮೆ?

ಅದು ಅಡಿಕೆ ನಾಡು. ಅಡಿಕೆ ಬೆಳೆಯುವುದು ನೀರಿರುವ ಕಣಿವೆಯಲ್ಲಿ, ತೋಟದ ತಲೆಯ ಮೇಲೇ ಮನೆ, ಪಕ್ಕದಲ್ಲಿ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ. ಆ ತೋಟಗಳೆಲ್ಲ ದೊರೆಗಳು ಬರುವ ಮುಂಚೆಯೇ ಊರವರ ಕೈಯಲ್ಲಿದ್ದವು. 17ನೇ ಶತಮಾನದಲ್ಲೇ ಕೆಳದಿಯ ಶಿವಪ್ಪನಾಯಕ ಅಳತೆ ಮಾಡಿಸಿ ಸಿಸ್ತು, ಅಂದರೆ ಕಂದಾಯ, ಹಾಕಿದ್ದ. ಹೊಸಬರಿಗೆ ಅಲ್ಲಿ ಜಾಗ ಇರಲಿಲ್ಲ. ಕಾಫಿಗೆ ಬೇಕಾಗಿದ್ದದ್ದು ಖಾಲಿ ಬಿದ್ದ ಎತ್ತರದ ಇಳಿಜಾರು, ಅದು ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಜಾಸ್ತಿ. ಶಿವಮೊಗ್ಗದ ಕಡೆ ಆ ಕಾಲದ್ದು ಅಂತ ಕಾಣುವುದು ಹೆಚ್ಚಾಗಿ ಸರ್ಕಾರಿ ಪ್ರವಾಸಿ ಬಂಗಲೆ, ಐಬಿಗಳು (ಇನ್‌ಸ್ಪೆಕ್ಷನ್ ಬಂಗಲೆ). ಅವೂ ಇದೇ ಅಚ್ಚು, ಆದರೆ ಒಂದು ರಾತ್ರಿ ಉಳಿದು ಹೋಗುವವರ ಮನೆ.

ದೆವ್ವ ಇದೆಯಾ?

ರಾತ್ರಿ ಮುಚ್ಚಿಗೆ ಮೇಲೆ ಓಡಾಡುವುದು ಕಬ್ಬೆಕ್ಕು. ಕಾಫಿ ಹಣ್ಣಿನ ಕಾಲದಲ್ಲಿ ಜೋರು.

ನಮ್ಮದೂ ಹಳೇ ಮನೆ ಇದೆ, ರಿಪೇರಿಗೆ ಏನು ಮಾಡಬೇಕು?

ಸಿಮೆಂಟ್ ಬಳಿಯಬೇಡಿ, ಇದೊಂದೇ ನಾನು ಕೈಮುಗಿದು ಹೇಳುವುದು. ಕೆಲವು ವರ್ಷದ ಹಿಂದೆ ಪಡುವಣ ಗೋಡೆಯ ಗಾರೆ ಉದುರುತ್ತಿದೆ ಅಂತ ಪೇಟೆಯಿಂದ ಒಬ್ಬ ಕಂಟ್ರಾಕ್ಟರನ್ನು ಕರೆಸಿದೆವು. ಹಳೇ ಸುಣ್ಣ ಕೆತ್ತಿ ತೆಗೆದು, ಸಿಮೆಂಟ್ ಹಾಕಿ, ಮೇಲೆ ಹೊಳೆಯುವ ಪೇಂಟು ಹೊಡೆದ. ಬೇಸಿಗೆಯಲ್ಲಿ ಏನು ಚಂದ! ಒಂದು ಮಳೆಗಾಲ ಕಳೆಯಿತು. ಗೋಡೆಯ ಕೆಳಗಿನ ಮೂರಡಿ ಹೊಟ್ಟೆ ಉಬ್ಬಿದ ಹಾಗೆ ಉಬ್ಬಿತು. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಒಂದು ಚಕ್ಕೆ ಎಬ್ಬಿಸಿದರೆ ಹಿಂದೆ ಜಂಬಿಟ್ಟಿಗೆ ನೆನೆದು ಕೆಸರಿನ ಹಾಗೆ, ಬಾಗಿಲ ಚೌಕಟ್ಟಿನ ಬುಡಕ್ಕೆ ಗೆದ್ದಲು. ಸುಣ್ಣ ಉಸಿರಾಡುತ್ತದೆ, ಗೋಡೆ ಕುಡಿದ ನೀರು ಅದರ ಮೂಲಕ ಆರಿ ಹೋಗುತ್ತದೆ. ಸಿಮೆಂಟ್ ಬಾಯಿ ಮುಚ್ಚಿಸಿಬಿಡುತ್ತದೆ. ಎಲ್ಲ ಕೆತ್ತಿ, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರೀಮೈಯಲ್ಲಿ ಒಣಗಲು ಬಿಟ್ಟು, ಮತ್ತೆ ಸುಣ್ಣ ಹಾಕಿಸಿದೆವು. ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿ ಸಿಗುವುದೇ ಕಷ್ಟ, ಸಿಕ್ಕಿದವರಿಗೆ ಎಪ್ಪತ್ತು ದಾಟಿತ್ತು.

2024ರಿಂದ ಕಾಫಿಗೆ ರೇಟು ಬಂತು, ಎಲ್ಲರೂ ಮನೆ ಕೆಲಸ ಹಿಡಿದಿದ್ದಾರೆ. ದುಡ್ಡಿಲ್ಲದಾಗ ಉಳಿದ ಮನೆಗಳು ದುಡ್ಡು ಬಂದಾಗ ಹಾಳಾಗುತ್ತಿರುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಹೆಂಚು ಇಳಿಸಿ ಶೀಟು ಹಾಕುವವರಿಗೆ ಒಂದು ಮಾತು: ಮೊದಲ ಜೋರು ಮಳೆ ಬಂದ ರಾತ್ರಿ ಪಕ್ಕದಲ್ಲಿರುವವರ ಮಾತೂ ಕೇಳಿಸುವುದಿಲ್ಲ, ಆಮೇಲೆ ನನ್ನನ್ನು ನೆನೆಸಿಕೊಳ್ಳಿ.

ಹೆಂಚಿಗೆ ಬೇಕಾಗಿರುವುದು ಇಷ್ಟೇ. ವರ್ಷಕ್ಕೊಮ್ಮೆ, ಏಪ್ರಿಲ್ ಮೇ ಒಳಗೆ, ಕೈಯಾಡಿಸಬೇಕು. ಒಡೆದದ್ದು ಬದಲಿಸಿ, ಸಂದಿನ ಎಲೆ ಕಸ ಗುಡಿಸಿ, ರಿಪೀಸು (ಹೆಂಚು ಕೂರಿಸುವ ಮರದ ಪಟ್ಟಿ) ಲಡ್ಡಾಗಿದ್ದರೆ ತೆಗೆದು ಬೇರೆ ಹೊಡೆಯಬೇಕು. ಸಿಲ್ವರ್ ಓಕಿನ ಎಲೆ ಸಂದಿಯಲ್ಲಿ ಕೂತರೆ ಅಲ್ಲೇ ನೀರು ನಿಂತು ಒಳಗೆ ತೊಟ್ಟಿಕ್ಕುತ್ತದೆ.

ಒಂದು ಹಳೇ ಹೆಂಚು ನೆನಪಿಗೆ ಕೊಡ್ತೀರಾ? ದುಡ್ಡು ಕೊಡುತ್ತೇವೆ.

ಇಲ್ಲ. ಗೋಡೆಗೆ ನೇತುಹಾಕೋಕೆ, ಕೆಫೆ ಅಲಂಕಾರಕ್ಕೆ ಅಂತ ಒಂದಕ್ಕೆ ಐನೂರು ಕೊಡುತ್ತೇನೆ ಅಂದವರೂ ಇದ್ದಾರೆ. ಕೊಟ್ಟಿಗೆ ಹಿಂದೆ ಜೋಡಿಸಿಟ್ಟಿರುವುದು ಸುಮಾರು ಇನ್ನೂರು, ಅದೂ ಬಿದ್ದುಹೋದ ಒಂದು ಗೋದಾಮಿನಿಂದ ಇಳಿಸಿಕೊಂಡದ್ದು. ಈಗಿನ ಹೊಸ ಹೆಂಚು ಹಳೇ ಸಾಲಿನ ತೋಡಿಗೆ ಸರಿಯಾಗಿ ಕೂರುವುದಿಲ್ಲ, ಒಂದು ಕೂದಲೆಳೆ ಹೆಚ್ಚುಕಮ್ಮಿ ಆದರೂ ಸಾಕು, ನೀರು ದಾರಿ ಮಾಡಿಕೊಳ್ಳುತ್ತದೆ. ಹೋದ ಜುಲೈನಲ್ಲಿ ಒಂದೇ ಗಾಳಿಗೆ ಮೂವತ್ತೆರಡು ಹೋದವು. ಫೋಟೋ ಬೇಕಾದಷ್ಟು ತೆಗೆದುಕೊಳ್ಳಿ, ಕೊಟ್ಟಿಗೆ ಹಿಂದೆ ಹೋಗುವಾಗ ಕಾಲಿಗೆ ಸ್ವಲ್ಪ ಉಪ್ಪು ಸುಣ್ಣ ಸವರಿಕೊಂಡು ಹೋಗಿ, ಉಂಬಳ (ನೆಲದ ಜಿಗಣೆ) ಜಾಸ್ತಿ.